ಶೆಫೀಲ್ಡಿನ ಪಬ್ಬುಗಳು ಮತ್ತು ಪೀಪಾಯಿಯ ಏಲ್: ಹೊಸದಾಗಿ ಬಂದ ಕನ್ನಡಿಗರಿಗೆ

ಓದಿಗೋ ಆಸ್ಪತ್ರೆಯ ಕೆಲಸಕ್ಕೋ ಶೆಫೀಲ್ಡಿಗೆ ರೈಲಿನಲ್ಲಿ ಬಂದಿಳಿಯುವ ಕನ್ನಡಿಗರು ಈ ನಗರದ ಒಳ್ಳೆಯ ಪಬ್ಬುಗಳಲ್ಲಿ ಒಂದನ್ನು ನಿಲ್ದಾಣದ ಒಂದನೇ ಪ್ಲಾಟ್‌ಫಾರ್ಮಿನಲ್ಲೇ ದಾಟಿ ಹೋಗುತ್ತಾರೆ. 1904ರಲ್ಲಿ ಪ್ರಯಾಣಿಕರ ಉಪಾಹಾರ ಕೊಠಡಿಯಾಗಿ ಕಟ್ಟಿ, ಮುಂದೆ ದಶಕಗಳ ಕಾಲ ಹಾಳುಬಿದ್ದಿದ್ದ ಆ ಜಾಗವನ್ನು ದುರಸ್ತಿಗೊಳಿಸಿ 2009ರಲ್ಲಿ ‘ಶೆಫೀಲ್ಡ್ ಟ್ಯಾಪ್’ ಎಂಬ ಹೆಸರಿನಲ್ಲಿ ತೆರೆದರು. ನಾನು ಮೊದಲ ಆರು ತಿಂಗಳು ಅದರ ಮುಂದೆ ಪೆಟ್ಟಿಗೆ ಎಳೆದುಕೊಂಡು ಓಡಾಡಿದೆನೇ ಹೊರತು ಒಳಗೆ ಕಾಲಿಡಲಿಲ್ಲ. ಪಬ್ ಎಂಬ ಮಾತಿಗೆ ನನ್ನ ಮನಸ್ಸಿನಲ್ಲಿದ್ದ ಅರ್ಥ ಬ್ರಿಗೇಡ್ ರಸ್ತೆಯದು: ಮಂದ ಬೆಳಕು, ಕಿವಿಗಡಚಿಕ್ಕುವ ಸಂಗೀತ, ಬಾಗಿಲಲ್ಲಿ ಕಾವಲುಗಾರ, ಕುಡಿಯದವರಿಗೆ ಅಲ್ಲಿ ಕೆಲಸವಿಲ್ಲವೆಂಬ ಭಾವನೆ.

ಇಲ್ಲಿ ಪಬ್ ಎಂಬುದು ‘ಪಬ್ಲಿಕ್ ಹೌಸ್’ ಎಂಬುದರ ಕಿರುರೂಪ. ಒಬ್ಬರ ಮನೆ, ಆದರೆ ಪರವಾನಗಿ ಪಡೆದು ಊರಿಗೆ ತೆರೆದಿಟ್ಟ ಮನೆ. ನಮ್ಮ ಹಳೆಯ ಮನೆಗಳ ಜಗಲಿಯನ್ನು ನೆನೆದುಕೊಂಡರೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಜಗಲಿ ಮನೆಯವರದೇ ಆದರೂ ಅಲ್ಲಿ ಕೂರಲು ದಾರಿಹೋಕನಿಗೆ ಯಾರ ಆಹ್ವಾನವೂ ಬೇಕಾಗಿರಲಿಲ್ಲ. ಶೆಫೀಲ್ಡಿನ ಪಬ್ಬಿನಲ್ಲಿ ಒಬ್ಬರೇ ಕೂತು ಪುಸ್ತಕ ಓದುವವರು, ನಾಯಿಯನ್ನು ಕಾಲ ಬಳಿ ಮಲಗಿಸಿಕೊಂಡು ಚಹಾ ಕುಡಿಯುವ ಅಜ್ಜಿಯರು, ವಾರಕ್ಕೊಮ್ಮೆ ರಸಪ್ರಶ್ನೆಗೆಂದು ಸೇರುವ ನೆರೆಹೊರೆಯವರು ಎಲ್ಲರೂ ಇರುತ್ತಾರೆ. ಮದ್ಯ ಮುಟ್ಟದವರು ‘ಲೈಮ್ ಅಂಡ್ ಸೋಡಾ’ ಕೇಳಿ ಇಡೀ ಸಂಜೆ ಕೂರಬಹುದು, ಯಾರೂ ಹುಬ್ಬೇರಿಸುವುದಿಲ್ಲ. ಮದ್ಯ ಪರವಾನಗಿ ಇರುವ ಜಾಗದಲ್ಲಿ ಗಿರಾಕಿಗೆ ಕುಡಿಯುವ ನಲ್ಲಿ ನೀರನ್ನು ಉಚಿತವಾಗಿ ಕೊಡಬೇಕೆಂಬುದು ಇಂಗ್ಲೆಂಡಿನಲ್ಲಿ 2010ರಿಂದ ಕಡ್ಡಾಯ ಷರತ್ತು. ಈ ಬರಹ ಕುಡಿಯಿರೆಂದು ಹೇಳುವುದಕ್ಕಲ್ಲ. ಪಬ್ಬಿನ ವ್ಯವಸ್ಥೆಯನ್ನು ಅರಿಯದೆ ಈ ನಗರದ ಅರ್ಧ ಬದುಕು ನಮಗೆ ಮುಚ್ಚಿದ ಬಾಗಿಲಾಗಿಯೇ ಉಳಿಯುತ್ತದೆಂಬುದು ನನ್ನ ಅನುಭವ. ಆ ಬಾಗಿಲು ತೆರೆಯುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಈ ಬಾಗಿಲು ನಮ್ಮಂಥವರಿಗೆ ತಾನಾಗಿ ತೆರೆದದ್ದಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಪಕ್ಕದ ಸ್ಮೆದಿಕ್ ಪಟ್ಟಣದ ಪಬ್ಬುಗಳಲ್ಲಿ ಬಿಳಿಯರಿಗೊಂದು ಕೋಣೆ, ಉಳಿದವರಿಗೊಂದು ಕೋಣೆ ಎಂಬ ಪದ್ಧತಿಯಿತ್ತು. ಅಲ್ಲಿನ ಎರಕದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಭಾರತೀಯರು, ಹೆಚ್ಚಾಗಿ ಪಂಜಾಬಿಗಳು, ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಮೂಲಕ ಇದರ ವಿರುದ್ಧ ಹೋರಾಡಿದರು. 1965ರ ಫೆಬ್ರವರಿಯಲ್ಲಿ ಅಮೆರಿಕದ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮಾಲ್ಕಮ್ ಎಕ್ಸ್ ಆ ಪಟ್ಟಣಕ್ಕೆ ಭೇಟಿಕೊಟ್ಟರು. ಅದೇ ವರ್ಷ ಬಂದ ರೇಸ್ ರಿಲೇಶನ್ಸ್ ಕಾಯ್ದೆಯು ಪಬ್ಬು, ಹೋಟೆಲುಗಳಂಥ ಸಾರ್ವಜನಿಕ ಜಾಗಗಳಲ್ಲಿ ಬಣ್ಣ ಮತ್ತು ಜನಾಂಗದ ಕಾರಣಕ್ಕೆ ಭೇದ ಮಾಡುವುದನ್ನು ಕಾನೂನುಬಾಹಿರವಾಗಿಸಿತು. ಇಂದು ಆ ರಕ್ಷಣೆ 2010ರ ಈಕ್ವಾಲಿಟಿ ಕಾಯ್ದೆಯಲ್ಲಿದೆ. ನಾವು ಯಾವ ಅಳುಕೂ ಇಲ್ಲದೆ ಕೌಂಟರಿನ ಮುಂದೆ ನಿಲ್ಲುವಾಗ ಆ ಪಂಜಾಬಿ ಕಾರ್ಮಿಕರ ಋಣ ನಮ್ಮ ಮೇಲಿದೆ.

ಒಳಗೆ ಹೋದ ಮೇಲೆ ನಡೆದುಕೊಳ್ಳುವ ರೀತಿ ಕಷ್ಟದ್ದಲ್ಲ, ಆದರೆ ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ. ಮೇಜಿನ ಬಳಿ ಕೂತರೆ ಸಾಮಾನ್ಯವಾಗಿ ಯಾರೂ ಬಂದು ವಿಚಾರಿಸುವುದಿಲ್ಲ. ನಾವೇ ಕೌಂಟರಿಗೆ ಹೋಗಿ ಕೇಳಿ, ಅಲ್ಲೇ ಹಣ ಕೊಟ್ಟು, ಲೋಟವನ್ನು ನಾವೇ ಹೊತ್ತು ತರಬೇಕು. ಕೌಂಟರಿನ ಉದ್ದಕ್ಕೂ ಜನ ಹರಡಿ ನಿಂತಿದ್ದರೂ ಅಲ್ಲಿ ಕಣ್ಣಿಗೆ ಕಾಣದ ಸರದಿಯೊಂದಿರುತ್ತದೆ. ಯಾರ ನಂತರ ಯಾರು ಬಂದರೆಂಬುದನ್ನು ಒಳಗಿರುವವರು ಗಮನಿಸಿರುತ್ತಾರೆ, ಗಿರಾಕಿಗಳೂ ಗಮನಿಸಿರುತ್ತಾರೆ. ನಿಮಗಿಂತ ಮೊದಲು ಬಂದವರನ್ನು ಬಿಟ್ಟು ನಿಮ್ಮನ್ನು ಕೇಳಿದರೆ, ‘ಇವರು ಮುಂಚೆ ಬಂದಿದ್ದಾರೆ’ ಎಂದು ತೋರಿಸುವುದು ಮರ್ಯಾದೆ. ಈ ಒಂದು ಮಾತಿನಿಂದ ನೀವು ಅಲ್ಲಿಯವರಾಗುತ್ತೀರಿ. ನೋಟು ಬೀಸಿ ಕರೆಯುವುದು, ಚಿಟಿಕೆ ಹೊಡೆಯುವುದು ಸಲ್ಲದು. ಟಿಪ್ಸ್ ಕೊಡುವ ರೂಢಿ ಕೌಂಟರಿನಲ್ಲಿಲ್ಲ. ಗುಂಪಿನಲ್ಲಿ ಹೋದಾಗ ಒಬ್ಬರು ಎಲ್ಲರಿಗೂ ಕೊಂಡು, ಮುಂದಿನ ಸಲ ಇನ್ನೊಬ್ಬರು ಕೊಳ್ಳುವ ‘ರೌಂಡ್’ ಪದ್ಧತಿ ಇದೆ. ಎಂಟು ಜನ ಸೇರಿದರೆ ಎಂಟು ಲೋಟ ಕುಡಿಯಬೇಕಾಗುತ್ತದೆಂದು ಹೆದರಬೇಕಿಲ್ಲ: ‘ನನಗೆ ಅರ್ಧ’ ಎನ್ನಬಹುದು, ಹಣ್ಣಿನ ರಸ ಕೇಳಬಹುದು, ಮೊದಲೇ ತಿಳಿಸಿ ಬೇರೆಯಾಗಿ ಕೊಳ್ಳಬಹುದು. ಇತರರ ಸರದಿಯಲ್ಲಿ ಕುಡಿದು ತನ್ನ ಸರದಿ ಬಂದಾಗ ಜಾರಿಕೊಳ್ಳುವವರನ್ನು ಮಾತ್ರ ಇಲ್ಲಿನವರು ಬಹುಕಾಲ ನೆನಪಿಟ್ಟುಕೊಳ್ಳುತ್ತಾರೆ.

ಇನ್ನು ರಿಯಲ್ ಏಲ್. ನಮಗೆ ಊರಿನಲ್ಲಿ ಪರಿಚಿತವಾದ ಬಿಯರ್ ಬಹುಪಾಲು ಲಾಗರ್: ತಣ್ಣಗೆ, ಗ್ಯಾಸು ತುಂಬಿ, ಸೋಸಿ, ಬಾಟಲಿಯಲ್ಲಿ ಬಂದದ್ದು. ಅದು ಕಾರ್ಖಾನೆಯ ಬಾಗಿಲು ದಾಟುವಾಗಲೇ ಸಿದ್ಧವಾದ ಪದಾರ್ಥ. ರಿಯಲ್ ಏಲ್ ಹಾಗಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಹೂವು, ನೀರು, ಯೀಸ್ಟ್ ಇವುಗಳಿಂದ ತಯಾರಾದ ಬಿಯರನ್ನು ಯೀಸ್ಟ್ ಇನ್ನೂ ಜೀವಂತವಾಗಿರುವಾಗಲೇ ಪೀಪಾಯಿಗೆ ತುಂಬಿ ಪಬ್ಬಿಗೆ ಕಳಿಸುತ್ತಾರೆ. ಎರಡನೆಯ ಹುದುಗುವಿಕೆ ಆ ಪೀಪಾಯಿಯೊಳಗೆ, ಪಬ್ಬಿನ ನೆಲಮಾಳಿಗೆಯಲ್ಲಿ ನಡೆಯುತ್ತದೆ. ಹೊರಗಿನಿಂದ ಇಂಗಾಲದ ಡೈಆಕ್ಸೈಡ್ ಸೇರಿಸುವುದಿಲ್ಲ. ಲೋಟದಲ್ಲಿ ಕಾಣುವ ಸಣ್ಣ ಗುಳ್ಳೆಗಳು ಆ ಹುದುಗಿನವೇ. ಈಚಲ ಮರದ ಹೆಂಡವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಇಳಿಸಿದಾಗ ಸಿಹಿ, ಮಧ್ಯಾಹ್ನಕ್ಕೆ ಕಡು, ಮರುದಿನಕ್ಕೆ ಹುಳಿ ಎಂಬ ಆ ಹೆಂಡದ ಆಯುಷ್ಯವನ್ನು ದಿನಗಳಿಗೆ ಹಿಗ್ಗಿಸಿ ನೋಡಿದರೆ ಅದೇ ಪೀಪಾಯಿಯ ಏಲ್‌ನ ಆಯುಷ್ಯ.

ಹೀಗಾಗಿ ಇಲ್ಲಿ ಅರ್ಧ ಕೆಲಸ ಬಿಯರ್ ತಯಾರಿಸುವವರದು, ಉಳಿದರ್ಧ ಪಬ್ಬಿನವರದು. ಸಾಮಾನ್ಯವಾಗಿ ಬಳಸುವ ‘ಫರ್ಕಿನ್’ ಎಂಬ ಪೀಪಾಯಿ 9 ಗ್ಯಾಲನ್, ಅಂದರೆ ಸುಮಾರು 41 ಲೀಟರ್ ಹಿಡಿಯುತ್ತದೆ. ಅದು ಬಂದ ಕೂಡಲೇ ಅಡ್ಡಲಾಗಿ ಮಲಗಿಸಿ, ಅಲುಗದಂತೆ ಆನಿಸಿ ಇಡುತ್ತಾರೆ. ಮೇಲಿನ ತೂತಿಗೆ ಮೆತ್ತನೆಯ ಮರದ ಬೆಣೆ ಬಡಿದು ಹೆಚ್ಚಿನ ಗ್ಯಾಸು ಹೊರಹೋಗಲು ಬಿಡುತ್ತಾರೆ; ರಭಸ ತಗ್ಗಿದ ಮೇಲೆ ಗಟ್ಟಿ ಬೆಣೆ ಹಾಕಿ ಉಳಿದದ್ದನ್ನು ಹಿಡಿದಿಡುತ್ತಾರೆ. ಯೀಸ್ಟ್ ತಳಕ್ಕೆ ಇಳಿಯುವ ತನಕ ಕಾಯುತ್ತಾರೆ. ನೆಲಮಾಳಿಗೆ 11ರಿಂದ 13 ಡಿಗ್ರಿ ಸೆಲ್ಸಿಯಸ್ ಇರಬೇಕು. ಏಲ್ ಬೆಚ್ಚಗಿರುತ್ತದೆಂಬ ಮಾತು ನಿಜವಲ್ಲ, ಅದು ಮಣ್ಣಿನ ಹೂಜಿಯ ನೀರಿನಷ್ಟು ತಂಪಾಗಿರುತ್ತದೆ. ನಲ್ಲಿ ಬಡಿದ ಮೇಲೆ, ಬಿಯರ್ ಇಳಿದಂತೆಲ್ಲ ಪೀಪಾಯಿಯೊಳಕ್ಕೆ ಗಾಳಿ ಸೇರುವುದರಿಂದ, ಸುಮಾರು ಮೂರು ದಿನಗಳೊಳಗೆ ಅದು ಖಾಲಿಯಾಗಬೇಕು. ಜನ ಬಾರದ ಪಬ್ಬಿನಲ್ಲಿ ಒಳ್ಳೆಯ ಏಲ್ ಇರುವುದು ಅಪರೂಪವೆಂಬ ಇಲ್ಲಿನ ಮಾತಿಗೆ ಕಾರಣ ಇದೇ. ಕೌಂಟರಿನ ಮೇಲೆ ಕಾಣುವ ಉದ್ದನೆಯ ಹಿಡಿಯ ಕೈಪಂಪುಗಳು ನೆಲಮಾಳಿಗೆಯಿಂದ ಬಿಯರನ್ನು ಎಳೆಯುತ್ತವೆ. ಆಯಾ ಬಿಯರಿನ ಹೆಸರು, ಅದನ್ನು ತಯಾರಿಸಿದ ಬ್ರೂವರಿ, ಮದ್ಯದ ಪ್ರಮಾಣ ಪಂಪಿನ ಫಲಕದ ಮೇಲೆ ಬರೆದಿರುತ್ತದೆ. ಫಲಕವನ್ನು ಹಿಂದುಮುಂದಾಗಿ ತಿರುಗಿಸಿದ್ದರೆ ಆ ಪೀಪಾಯಿ ಮುಗಿದಿದೆ ಎಂದರ್ಥ. ಶೆಫೀಲ್ಡಿನಲ್ಲಿ, ಉತ್ತರ ಇಂಗ್ಲೆಂಡಿನ ರೂಢಿಯಂತೆ, ಪಂಪಿನ ಮೂತಿಗೆ ಸಣ್ಣ ರಂಧ್ರಗಳ ಒಂದು ಬಿರಡೆ ಸಿಕ್ಕಿಸುತ್ತಾರೆ. ಅದರಿಂದ ನೊರೆ ನಮ್ಮ ಫಿಲ್ಟರ್ ಕಾಫಿಯ ನೊರೆಯಂತೆ ಒತ್ತಾಗಿ ನಿಲ್ಲುತ್ತದೆ. ದಕ್ಷಿಣದವರಿಗೆ ಇದು ಹಿಡಿಸುವುದಿಲ್ಲ, ಬೇಡವೆಂದರೆ ತೆಗೆದು ಕೊಡುತ್ತಾರೆ.

ಯಾವುದನ್ನು ಕೇಳಬೇಕೆಂದು ತಿಳಿಯದಿದ್ದರೆ, ರುಚಿ ನೋಡಲು ಒಂದು ಗುಟುಕು ಕೇಳುವುದರಲ್ಲಿ ಸಂಕೋಚ ಬೇಡ. ಲೋಟದಲ್ಲಿ ಬಂದದ್ದು ವಿನೆಗರಿನಂತೆ ಹುಳಿಯಾಗಿದ್ದರೆ ಹಾಗೆಯೇ ಮರಳಿಸಿ ಮೆಲ್ಲಗೆ ಹೇಳಿ. ಒಳ್ಳೆಯ ಪಬ್ಬಿನವರು ವಾದಿಸದೆ ಬದಲಾಯಿಸುತ್ತಾರೆ, ನೆಲಮಾಳಿಗೆಗೆ ಹೋಗಿ ಪೀಪಾಯಿ ನೋಡಿ ಬರುತ್ತಾರೆ. ಜೀವಂತ ಪದಾರ್ಥ ಒಮ್ಮೊಮ್ಮೆ ಕೆಡುತ್ತದೆ ಎಂಬುದು ಅವರಿಗೆ ಗೊತ್ತು.

ಸಸ್ಯಾಹಾರಿಗಳು ತಿಳಿದಿರಲೇಬೇಕಾದ ಒಂದು ಸಂಗತಿ ಇಲ್ಲಿದೆ, ಇದನ್ನು ನನಗೆ ಯಾರಾದರೂ ಮೊದಲೇ ಹೇಳಬಾರದಿತ್ತೇ ಎಂದು ಎಷ್ಟೋ ಸಲ ಅನ್ನಿಸಿದೆ. ಕೆಸರು ನೀರಿನ ಕೊಡದೊಳಗೆ ಚಿಲ್ಲದ ಬೀಜ ತೇಯ್ದು ನೀರು ತಿಳಿಗೊಳಿಸುತ್ತಿದ್ದಂತೆ, ಪೀಪಾಯಿಯ ಏಲ್ ಬೇಗ ತಿಳಿಯಾಗಲೆಂದು ಅದಕ್ಕೆ ಐಸಿಂಗ್ಲಾಸ್ ಎಂಬ ವಸ್ತುವನ್ನು ಸೇರಿಸುವ ಹಳೆಯ ಪದ್ಧತಿಯಿದೆ. ಐಸಿಂಗ್ಲಾಸ್ ಮೀನಿನ ಗಾಳಿಚೀಲದಿಂದ ತೆಗೆದದ್ದು. ಅದು ಯೀಸ್ಟನ್ನು ಸೆಳೆದುಕೊಂಡು ತಳಕ್ಕೆ ಇಳಿಯುತ್ತದೆ, ಲೋಟಕ್ಕೆ ಬರುವುದು ಅತ್ಯಲ್ಪ; ಆದರೂ ಆಚಾರ ಪಾಲಿಸುವವರ ಮಟ್ಟಿಗೆ ಪ್ರಶ್ನೆ ಪ್ರಮಾಣದ್ದಲ್ಲ. ಈಗ ಅನೇಕ ಸಣ್ಣ ಬ್ರೂವರಿಗಳು ಇದನ್ನು ಬಳಸದೆ, ತುಸು ಮಸುಕಾಗಿಯೇ ಬಿಯರ್ ಕಳಿಸುತ್ತವೆ. ಪಂಪಿನ ಫಲಕದ ಮೇಲೆ ‘ವೀಗನ್’ ಅಥವಾ ‘ಅನ್‌ಫೈನ್ಡ್’ ಎಂದಿರುತ್ತದೆ. ಇಲ್ಲದಿದ್ದರೆ ಕೇಳಿ, ಇದು ಇಲ್ಲಿ ವಿಚಿತ್ರ ಪ್ರಶ್ನೆಯಲ್ಲ. ಊಟದ ವಿಷಯದಲ್ಲೂ ಇಂಥದೇ ಒಂದು ಎಚ್ಚರ ಬೇಕು: ಇಂಗ್ಲೆಂಡಿನಲ್ಲೆಲ್ಲ ಬಳಸುವ ವೂಸ್ಟರ್‌ಶೈರ್ ಸಾಸಿನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ. ಶೆಫೀಲ್ಡಿನವರು ಅಭಿಮಾನದಿಂದ ಮೇಜಿನ ಮೇಲಿಡುವ ಕಿತ್ತಳೆ ಚೀಟಿಯ ಹೆಂಡರ್‌ಸನ್ಸ್ ರೆಲಿಶ್‌ನಲ್ಲಿ ಮೀನು ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈ ನಗರದಲ್ಲೇ ತಯಾರಾಗುತ್ತಿರುವ, ಹುಣಸೆ ಬೆರೆತ ಆ ಸಾಸು ನಮ್ಮ ನಾಲಿಗೆಗೆ ಬಲುಬೇಗ ಒಗ್ಗುತ್ತದೆ.

ಅಳತೆಯ ಮಾತು. ಪೈಂಟ್ ಎಂದರೆ 568 ಮಿಲಿಲೀಟರ್, ನಮ್ಮ ದೊಡ್ಡ ಬಾಟಲಿಗಿಂತ ಸ್ವಲ್ಪ ಕಡಿಮೆ. ಅರ್ಧ ಪೈಂಟ್ ಎಲ್ಲೆಡೆಯೂ ಸಿಗಲೇಬೇಕು, ಅದು ಪರವಾನಗಿಯ ಷರತ್ತು. ಮೂರನೇ ಒಂದು ಪಾಲಿನ ಲೋಟ ಹಲವೆಡೆ ಸಿಗುತ್ತದೆ. ನೊರೆಯೇ ಹೆಚ್ಚಾಗಿ ಬಂದರೆ ‘ಟಾಪ್ ಅಪ್’ ಕೇಳುವುದು ನಿಮ್ಮ ಹಕ್ಕಿನ ಮಾತು. ಮದ್ಯದ ಲೆಕ್ಕವನ್ನು ಇಲ್ಲಿ ‘ಯೂನಿಟ್’ಗಳಲ್ಲಿ ಹಾಕುತ್ತಾರೆ: ಶೇಕಡಾ 4ರ ಏಲ್ ಒಂದು ಪೈಂಟಿಗೆ ಸುಮಾರು 2.3 ಯೂನಿಟ್. ವಾರಕ್ಕೆ 14 ಯೂನಿಟ್ ಮೀರಬಾರದೆಂಬುದು, ಅದನ್ನೂ ಹಲವು ದಿನಗಳಿಗೆ ಹಂಚಿಕೊಳ್ಳಬೇಕೆಂಬುದು 2016ರಿಂದ ಇಲ್ಲಿನ ವೈದ್ಯಾಧಿಕಾರಿಗಳ ಸಲಹೆ. ಆರು ಪೈಂಟಿಗೆ ಆ ಗಡಿ ಮುಟ್ಟುತ್ತದೆ ಎಂಬುದನ್ನು ನೆನಪಿಡುವುದು ಲೇಸು.

ಉಕ್ಕಿನ ನಗರವೊಂದು ಏಲ್‌ನ ನಗರವಾದ ಬಗೆಯನ್ನು ತಿಳಿಯದೆ ಇಲ್ಲಿನ ಪಬ್ ಸುದ್ದಿಗಳನ್ನು ಓದಿದರೆ ಪಾತ್ರಗಳೇ ಗೊತ್ತಿಲ್ಲದ ನಾಟಕ ನೋಡಿದಂತಾಗುತ್ತದೆ. ಕುಲುಮೆಗಳ ಮುಂದೆ ದುಡಿದು ಬೆವರು ಹರಿಸಿದವರ ನಗರವಿದು. ಅಗ್ಗವಾಗಿ ಉಕ್ಕು ಮಾಡುವ ವಿಧಾನ ಕಂಡುಹಿಡಿದ ಬೆಸೆಮರ್ ಇಲ್ಲಿ ಉಕ್ಕು ತಯಾರಿಸಿದ, 1913ರಲ್ಲಿ ಹ್ಯಾರಿ ಬ್ರಿಯರ್ಲಿ ಇಲ್ಲಿ ಸ್ಟೇನ್‌ಲೆಸ್ ಉಕ್ಕನ್ನು ಕಂಡುಕೊಂಡ. ಆ ಕಾರ್ಮಿಕರ ದಾಹ ತಣಿಸಿದ ಸ್ಟೋನ್ಸ್ ಮತ್ತು ವಾರ್ಡ್ಸ್ ಎಂಬ ದೊಡ್ಡ ಬ್ರೂವರಿಗಳೆರಡೂ 1999ರಲ್ಲಿ ಮುಚ್ಚಿದವು. ಆದರೆ ಅದಕ್ಕೂ ಮೊದಲೇ ಬೇರೊಂದು ಕಥೆ ಶುರುವಾಗಿತ್ತು. 1981ರಲ್ಲಿ ಡೇವ್ ವಿಕೆಟ್ ಮತ್ತೊಬ್ಬರ ಜೊತೆ ಸೇರಿ, ಪಾಳುಬೀಳುತ್ತಿದ್ದ ಕೆಲ್ಹಾಮ್ ಐಲ್ಯಾಂಡ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ‘ಫ್ಯಾಟ್ ಕ್ಯಾಟ್’ ಪಬ್ಬನ್ನು ತೆರೆದರು. ಒಂದೇ ಕಂಪನಿಯ ಬಿಯರ್ ಮಾರುವ ಪಬ್ಬುಗಳೇ ತುಂಬಿದ್ದ ನಗರದಲ್ಲಿ ಹಲವು ಊರುಗಳ ಪೀಪಾಯಿ ಏಲ್‌ಗಳನ್ನು ತಂದಿಟ್ಟ ಜಾಗವದು. 1990ರಲ್ಲಿ ವಿಕೆಟ್ ಅದರ ಪಕ್ಕದಲ್ಲೇ ಕೆಲ್ಹಾಮ್ ಐಲ್ಯಾಂಡ್ ಬ್ರೂವರಿಯನ್ನು ಆರಂಭಿಸಿದರು. ಅದರ ‘ಪೇಲ್ ರೈಡರ್’ 2004ರಲ್ಲಿ ಬ್ರಿಟನ್ನಿನ ಚಾಂಪಿಯನ್ ಬಿಯರ್ ಎನಿಸಿಕೊಂಡಿತು. ಹತ್ತಿರದ ಕೆಲ್ಹಾಮ್ ಐಲ್ಯಾಂಡ್ ಟ್ಯಾವರ್ನ್ 2008 ಮತ್ತು 2009ರಲ್ಲಿ ಸತತವಾಗಿ ದೇಶದ ಅತ್ಯುತ್ತಮ ಪಬ್ ಪ್ರಶಸ್ತಿ ಪಡೆಯಿತು, ಅದೂ 2007ರ ಜೂನ್ ತಿಂಗಳಲ್ಲಿ ಡಾನ್ ನದಿ ಉಕ್ಕಿ ಆ ಪ್ರದೇಶವನ್ನೆಲ್ಲ ಮುಳುಗಿಸಿದ ಮರುವರ್ಷಗಳಲ್ಲೇ. ಕೆಲ್ಹಾಮ್ ಐಲ್ಯಾಂಡ್ ಬ್ರೂವರಿ 2022ರಲ್ಲಿ ಬಾಗಿಲು ಹಾಕಿದಾಗ ಪೇಲ್ ರೈಡರನ್ನು ಉಳಿಸಿಕೊಂಡದ್ದು ಪಕ್ಕದ ಡರ್ಬಿಶೈರಿನ ಥಾರ್ನ್‌ಬ್ರಿಜ್ ಬ್ರೂವರಿ.

ಆ ಥಾರ್ನ್‌ಬ್ರಿಜ್‌ನ ಅತಿ ಪ್ರಸಿದ್ಧ ಬಿಯರಿನ ಹೆಸರು ‘ಜೈಪುರ್’. ಶೇಕಡಾ 5.9 ಮದ್ಯವಿರುವ ಇಂಡಿಯಾ ಪೇಲ್ ಏಲ್ ಅದು, 2005ರಿಂದ ತಯಾರಾಗುತ್ತಿದೆ. ‘ಇಂಡಿಯಾ’ ಎಂಬ ಮಾತು ಇದಕ್ಕೆ ಹೇಗೆ ಬಂತೆಂದು ಪಬ್ಬಿನಲ್ಲಿ ನಮ್ಮನ್ನೇ ಕೇಳುವವರಿದ್ದಾರೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಹಾಜ್‌ಸನ್ ಎಂಬವನ ಬ್ರೂವರಿಯಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಬಿಯರ್ ನಮ್ಮ ಕಡೆಗೆ ಹೋಗುತ್ತಿತ್ತು. 1820ರ ದಶಕದಲ್ಲಿ ಬರ್ಟನ್ ಊರಿನ ಬ್ರೂವರಿಗಳು ಆ ವ್ಯಾಪಾರಕ್ಕೆ ಇಳಿದವು. ಸಮುದ್ರಯಾನಕ್ಕೆಂದೇ ಒಬ್ಬ ಜಾಣ ಅದನ್ನು ಕಂಡುಹಿಡಿದನೆಂಬ ಕಥೆ ಎಲ್ಲೆಡೆ ಓಡಾಡುತ್ತದಾದರೂ ಅದಕ್ಕೆ ಆಧಾರವಿಲ್ಲ. ನಾವು ಹೇಳಬಹುದಾದ ನಮ್ಮ ಕಡೆಯ ಸಂಗತಿಯೂ ಒಂದಿದೆ: 1915ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವ ದಕ್ಷಿಣ ಭಾರತದ ಕೆಲವು ಬ್ರೂವರಿಗಳನ್ನು ಒಂದುಗೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್ ಬೆಂಗಳೂರಿನಲ್ಲೇ ಬೇರೂರಿತು.

ಪಬ್ಬುಗಳ ಸುದ್ದಿ ತಿಳಿಯುವ ಮುಖ್ಯ ದಾರಿ ಕ್ಯಾಮ್ರಾ, ಅಂದರೆ ಕ್ಯಾಂಪೇನ್ ಫಾರ್ ರಿಯಲ್ ಏಲ್. ದೊಡ್ಡ ಕಂಪನಿಗಳು ಪೀಪಾಯಿಯ ಏಲನ್ನು ಬಿಟ್ಟು, ಸೋಸಿ ಪಾಶ್ಚರೀಕರಿಸಿ ಗ್ಯಾಸು ತುಂಬಿದ ಕೆಗ್ ಬಿಯರನ್ನು ಜನರ ಮೇಲೆ ಹೇರುತ್ತಿದ್ದ ಕಾಲದಲ್ಲಿ, 1971ರಲ್ಲಿ, ಐರ್ಲೆಂಡಿಗೆ ಪ್ರವಾಸ ಹೋಗಿದ್ದ ನಾಲ್ವರು ಇಂಗ್ಲಿಷ್ ಯುವಕರು ಈ ಸಂಘವನ್ನು ಸ್ಥಾಪಿಸಿದರು. ಗಿರಾಕಿಗಳೇ ಕಟ್ಟಿದ, ಸ್ವಯಂಸೇವಕರೇ ನಡೆಸುವ ಸಂಘವಿದು. ಶೆಫೀಲ್ಡ್ ಶಾಖೆ ಹೊರತರುವ ‘ಬಿಯರ್ ಮ್ಯಾಟರ್ಸ್’ ಪತ್ರಿಕೆ ಪಬ್ಬುಗಳಲ್ಲಿ ಉಚಿತವಾಗಿ ಸಿಗುತ್ತದೆ: ಯಾವ ಪಬ್ ಮುಚ್ಚಿತು, ಯಾವುದಕ್ಕೆ ಹೊಸ ಬಾಡಿಗೆದಾರರು ಬಂದರು, ಎಲ್ಲಿ ಬ್ರೂವರಿಯವರೇ ಬಂದು ತಮ್ಮ ಬಿಯರಿನ ಬಗ್ಗೆ ಮಾತನಾಡುತ್ತಾರೆ, ತಿಂಗಳ ಪಬ್ ಪ್ರಶಸ್ತಿ ಯಾರಿಗೆ ಎಂಬುದೆಲ್ಲ ಅದರಲ್ಲಿರುತ್ತದೆ. ಶಾಖೆಯ ಸಭೆಗಳೂ ಪಬ್ಬುಗಳಲ್ಲೇ ನಡೆಯುತ್ತವೆ. ಸದಸ್ಯರು ತಾವು ಕುಡಿದ ಏಲ್‌ಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡಬಹುದು. ವರ್ಷವಿಡೀ ಕೂಡಿಬಂದ ಆ ಅಂಕಗಳು ‘ಗುಡ್ ಬಿಯರ್ ಗೈಡ್’ ಎಂಬ ವಾರ್ಷಿಕ ಕೈಪಿಡಿಗೆ ಪಬ್ಬುಗಳನ್ನು ಆರಿಸಲು ನೆರವಾಗುತ್ತವೆ. ನಲವತ್ತು ವರ್ಷದ ಸದಸ್ಯರಂತೆಯೇ ನಿನ್ನೆ ಸೇರಿದವರೂ ಅಂಕ ಕೊಡಬಹುದು, ಇದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ.

ವರ್ಷದ ದೊಡ್ಡ ಸಮಾರಂಭ ಶಾಖೆಯವರ ಸ್ಟೀಲ್ ಸಿಟಿ ಬಿಯರ್ ಮತ್ತು ಸೈಡರ್ (ಸೇಬಿನ ಮದ್ಯ) ಹಬ್ಬ. ಇದು ಅಕ್ಟೋಬರಿನಲ್ಲಿ, ಕೆಲ್ಹಾಮ್ ಐಲ್ಯಾಂಡ್ ವಸ್ತುಸಂಗ್ರಹಾಲಯದಲ್ಲಿ ನಡೆಯುತ್ತ ಬಂದಿದೆ. ಬೆಸೆಮರ್ ಕುಲುಮೆಯೂ ರಿವರ್ ಡಾನ್ ಉಗಿಯಂತ್ರವೂ ಇರುವ ಜಾಗವಾದ್ದರಿಂದ ಮದ್ಯ ಬೇಡದವರಿಗೂ ನೋಡುವುದಕ್ಕೆ ಬೇಕಾದಷ್ಟಿದೆ. ಮಾರ್ಚ್ ತಿಂಗಳ ಶೆಫೀಲ್ಡ್ ಬಿಯರ್ ವೀಕ್ ಒಂದೇ ಜಾಗದ್ದಲ್ಲ, ನಗರದ ಪಬ್ಬುಗಳಿಗೆಲ್ಲ ಹರಡಿಕೊಂಡದ್ದು. ಇಂಥ ಹಬ್ಬಗಳ ಕ್ರಮ ಹೀಗೆ: ಪ್ರವೇಶ ಶುಲ್ಕ ಕೊಟ್ಟು, ಸಾಮಾನ್ಯವಾಗಿ ಒಂದು ಲೋಟವನ್ನೂ ಪಡೆಯುತ್ತೀರಿ. ಆ ಲೋಟದ ಮೇಲೆ ಮೂರನೇ ಒಂದು, ಅರ್ಧ, ಪೂರ್ಣ ಪೈಂಟಿನ ಗೆರೆಗಳಿರುತ್ತವೆ. ಅದನ್ನೇ ತೊಳೆದು ಬಳಸುತ್ತ ಒಂದೊಂದು ಮೇಜಿನಲ್ಲಿ ಸ್ವಲ್ಪ ಸ್ವಲ್ಪ ಹಾಕಿಸಿಕೊಳ್ಳಬೇಕು. ಹಲವು ಹಬ್ಬಗಳಲ್ಲಿ ಹಣದ ಬದಲು ಟೋಕನ್ ಅಥವಾ ಗುರುತು ಹಾಕುವ ಚೀಟಿ ಇರುತ್ತದೆ. ಮೂರನೇ ಒಂದು ಪಾಲಿನ ಅಳತೆಯನ್ನು ಬಿಟ್ಟು ಮೇಲೆ ಹೋಗಬೇಡಿರೆಂಬುದು ನನ್ನ ಸಲಹೆ, ಹತ್ತು ಬಗೆಯ ರುಚಿ ತಿಳಿಯಲು ಬೇರೆ ಉಪಾಯವಿಲ್ಲ. ಹಬ್ಬದಲ್ಲಿ ದುಡಿಯುವವರು ಬಹುಪಾಲು ಸ್ವಯಂಸೇವಕರು. ಊರಿಗೆ ಹೊಸಬರಾದವರಿಗೆ ಪರಿಚಯ ಬೆಳೆಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಆದರೆ ವಿದ್ಯಾರ್ಥಿ ವೀಸಾದಲ್ಲಿರುವವರು ಎಚ್ಚರದಿಂದಿರಬೇಕು: ಪದವಿ ವ್ಯಾಸಂಗದವರಿಗೆ ತರಗತಿಗಳ ಅವಧಿಯಲ್ಲಿ ವಾರಕ್ಕೆ 20 ಗಂಟೆಗಳ ಕೆಲಸದ ಮಿತಿಯಿದ್ದು, ಸಂಬಳವಿಲ್ಲದ ಕೆಲಸವೂ ಅದರಲ್ಲಿ ಲೆಕ್ಕಕ್ಕೆ ಬರಬಹುದು. ಹೆಸರು ಕೊಡುವ ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಸಲಹೆಗಾರರನ್ನು ಕೇಳಿ.

ಕಾನೂನಿನ ಕೆಲವು ಮಾತುಗಳು. ಮದ್ಯ ಕೊಳ್ಳಲು 18 ವರ್ಷ ತುಂಬಿರಬೇಕು. ಆದರೆ 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುವುದು ಇಲ್ಲಿನ ವಾಡಿಕೆ, ಅದರಲ್ಲಿ ಅವಮಾನವೇನಿಲ್ಲ. ಪಾಸ್‌ಪೋರ್ಟ್ ನಡೆಯುತ್ತದೆ. ಅದನ್ನು ಹೊತ್ತು ತಿರುಗುವುದಕ್ಕಿಂತ ಇಲ್ಲಿನ ಚಾಲನಾ ಪರವಾನಗಿಯನ್ನೋ ಹಾಲೊಗ್ರಾಮ್ ಇರುವ ‘ಪಾಸ್’ ಗುರುತಿನ ಚೀಟಿಯನ್ನೋ ಮಾಡಿಸಿಕೊಳ್ಳುವುದು ಕ್ಷೇಮ. ಆಧಾರ್ ಕಾರ್ಡನ್ನು ನೆಚ್ಚಿಕೊಂಡು ಹೋಗಬೇಡಿ. ಮಕ್ಕಳನ್ನು ಪಬ್ಬಿಗೆ ಕರೆದೊಯ್ಯಬಹುದು. ಮುಖ್ಯವಾಗಿ ಮದ್ಯಕ್ಕೆಂದೇ ಇರುವ ಜಾಗದಲ್ಲಿ 16ರೊಳಗಿನವರ ಜೊತೆ ವಯಸ್ಕರಿರಬೇಕು, ಅದರ ಮೇಲೆ ಆಯಾ ಪಬ್ಬಿನ ನಿಯಮ ಬೇರೆ ಇರುತ್ತದೆ. ಭಾನುವಾರದ ಊಟದ ಹೊತ್ತಿನಲ್ಲಿ ಕುಟುಂಬಗಳೇ ತುಂಬಿರುವ ಪಬ್ಬುಗಳು ರಾತ್ರಿ ಎಂಟರ ಮೇಲೆ ಮಕ್ಕಳನ್ನು ಬಿಟ್ಟುಕೊಳ್ಳದಿರಬಹುದು. ಮುಚ್ಚುವ ಹೊತ್ತು ಪಬ್ಬಿನಿಂದ ಪಬ್ಬಿಗೆ ಬೇರೆ. ಗಂಟೆ ಬಾರಿಸಿ ‘ಲಾಸ್ಟ್ ಆರ್ಡರ್ಸ್’ ಎಂದು ಕೂಗಿದರೆ ಕೊನೆಯ ಸಲ ಕೊಳ್ಳುವ ಹೊತ್ತಾಯಿತೆಂದು ತಿಳಿಯಬೇಕು. ಕಾರಿನ ವಿಷಯದಲ್ಲಿ ನಾನು ನಿಷ್ಠುರವಾಗಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಎಂಬ ಮಿತಿಯಿದ್ದು ಸ್ಕಾಟ್ಲೆಂಡಿನಲ್ಲಿ ಅದು 50. ಎಷ್ಟು ಕುಡಿದರೆ ಆ ಮಿತಿ ಎಂದು ಲೆಕ್ಕ ಹಾಕುವ ಕೆಲಸವನ್ನೇ ಬಿಟ್ಟುಬಿಡಿ. ಕಾರನ್ನು ಮನೆಯಲ್ಲಿಟ್ಟು ಹೊರಡಿ. ಕೆಲ್ಹಾಮ್ ಐಲ್ಯಾಂಡಿನ ಪಬ್ಬುಗಳು ಶೇಲ್ಸ್‌ಮೂರ್ ಟ್ರಾಮ್ ನಿಲ್ದಾಣದಿಂದ ಕೆಲವೇ ನಿಮಿಷಗಳ ನಡಿಗೆ.

ಇನ್ನೊಂದು ವಿಷಯ ನಮ್ಮವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಬೀದಿಯಲ್ಲಿ ಯಾವುದಾದರೂ ಕಟ್ಟಡದ ಮುಂದೆ ತಿಳಿನೀಲಿ ಹಾಳೆಯೊಂದನ್ನು ಅಂಟಿಸಿದ್ದರೆ ನಿಂತು ಓದಿ. ಮದ್ಯದ ಪರವಾನಗಿಗೆ ಹೊಸದಾಗಿ ಅರ್ಜಿ ಹಾಕುವವರು, ಇದ್ದದ್ದನ್ನು ದೊಡ್ಡದಾಗಿ ಬದಲಿಸುವವರು 28 ದಿನ ಆ ಪ್ರಕಟಣೆಯನ್ನು ಜನರ ಕಣ್ಣಿಗೆ ಬೀಳುವಂತೆ ಹಾಕಬೇಕು. ಅಷ್ಟರೊಳಗೆ ಯಾರು ಬೇಕಾದರೂ ನಗರಸಭೆಗೆ ತಮ್ಮ ಅಭಿಪ್ರಾಯ ಬರೆದು ಕಳಿಸಬಹುದು. ಆದರೆ ಅಪರಾಧ ತಡೆ, ಸಾರ್ವಜನಿಕ ಸುರಕ್ಷತೆ, ನೆರೆಹೊರೆಗೆ ಕಿರುಕುಳವಾಗದಂತೆ ತಡೆ, ಮಕ್ಕಳ ರಕ್ಷಣೆ ಎಂಬ ನಾಲ್ಕು ವಿಷಯಗಳಲ್ಲಿ ಒಂದಕ್ಕೆ ನಿಮ್ಮ ಮಾತು ಸಂಬಂಧಿಸಿರಬೇಕು; ‘ಇಲ್ಲಿ ಪಬ್ ಬೇಡ’ ಎಂದಷ್ಟೇ ಬರೆದರೆ ಬೆಲೆಯಿಲ್ಲ. ಇದರ ಇನ್ನೊಂದು ಮಗ್ಗುಲು ಪಬ್ಬನ್ನು ಉಳಿಸಿಕೊಳ್ಳುವ ಹಕ್ಕು. 2017ರಿಂದ ಇಂಗ್ಲೆಂಡಿನಲ್ಲಿ ಪಬ್ಬನ್ನು ಕೆಡವಲು ಅಥವಾ ಅಂಗಡಿಯೋ ಮನೆಯೋ ಮಾಡಲು ನಗರಸಭೆಯ ಯೋಜನಾ ಅನುಮತಿ ಬೇಕು. 2011ರ ಲೋಕಲಿಸಂ ಕಾಯ್ದೆಯಡಿ, ಸ್ಥಳೀಯ ಮತದಾರರ ಪಟ್ಟಿಯಲ್ಲಿರುವ ಕನಿಷ್ಠ 21 ಮಂದಿಯ ಗುಂಪು ಒಂದು ಪಬ್ಬನ್ನು ಸಮುದಾಯದ ಆಸ್ತಿಯೆಂದು ಹೆಸರಿಸಲು ನಗರಸಭೆಯನ್ನು ಕೇಳಬಹುದು. ಹಾಗೆ ಪಟ್ಟಿಗೆ ಸೇರಿದ ಪಬ್ಬನ್ನು ಮಾರಲು ಹೊರಟರೆ, ಹಣ ಕೂಡಿಸಿ ತಾವೇ ಕೊಳ್ಳಲು ಊರವರಿಗೆ ಆರು ತಿಂಗಳ ಅವಕಾಶ ಸಿಗುತ್ತದೆ. ಇಲ್ಲಿ ಕಾನೂನುಬದ್ಧವಾಗಿ ವಾಸಿಸುವ ಭಾರತೀಯ ಪಾಸ್‌ಪೋರ್ಟಿನವರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಹೀಗಾಗಿ ಆ 21 ಮಂದಿಯಲ್ಲಿ ನೀವೂ ಒಬ್ಬರಾಗಬಹುದು.

ಶೆಫೀಲ್ಡಿನಲ್ಲೇ ಇದಕ್ಕೆ ಹತ್ತಿರದ ಉದಾಹರಣೆಯಿದೆ. ನೀಪ್‌ಸೆಂಡಿನ ಗಾರ್ಡನರ್ಸ್ ರೆಸ್ಟ್ ಎಂಬ ಪಬ್ಬು ಮಾರಾಟಕ್ಕೆ ಬಂದಾಗ ಅದರ ಗಿರಾಕಿಗಳೂ ನೆರೆಯವರೂ ಷೇರು ಕೂಡಿಸಿ 2017ರಲ್ಲಿ ಅದನ್ನು ತಮ್ಮ ಕೈಗೆ ತೆಗೆದುಕೊಂಡರು. ಇಂಥ ಸಮುದಾಯ ಸಂಘಗಳಲ್ಲಿ ಎಷ್ಟು ಷೇರಿದ್ದರೂ ಒಬ್ಬರಿಗೆ ಒಂದೇ ಮತ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದವರ ನಾಡಿನವರಾದ ನಮಗೆ ಈ ನ್ಯಾಯ ಹೊಸತಲ್ಲ. ಆ ಪಬ್ಬಿನ ಹಿತ್ತಲ ತೋಟ ನದಿಯ ದಡಕ್ಕೇ ಇಳಿಯುತ್ತದೆ. ಬೇಸಿಗೆಯ ಸಂಜೆ ಒಂಬತ್ತರವರೆಗೂ ಬೆಳಕಿರುವ ದಿನಗಳಲ್ಲಿ ಅಲ್ಲಿ ಹೋಗಿ ಕೂರಿ.

ಕೊನೆಯದಾಗಿ, ಚಳಿಗಾಲದ ಒಂದು ಸಂಗತಿ. ನವೆಂಬರ್ 11ರ ನಂತರದ ಭಾನುವಾರದಿಂದ ಕ್ರಿಸ್‌ಮಸ್ ಮರುದಿನದವರೆಗೆ, ನಗರದ ಹೊರಗೆ ಬೆಟ್ಟದ ಮೇಲಿರುವ ಡಂಗ್‌ವರ್ತ್ ಹಳ್ಳಿಯ ರಾಯಲ್ ಹೋಟೆಲ್ ಮತ್ತು ವೊರಾಲ್ ಹಳ್ಳಿಯ ಬ್ಲೂ ಬಾಲ್ ಪಬ್ಬುಗಳಲ್ಲಿ ಊರವರು ಸೇರಿ ಕ್ರಿಸ್‌ಮಸ್ ಗೀತೆಗಳನ್ನು ಹಾಡುತ್ತಾರೆ. ಇವು ರೇಡಿಯೊದಲ್ಲಿ ಕೇಳುವ ಗೀತೆಗಳಲ್ಲ, ಈ ಕಣಿವೆಗಳವೇ ಆದ ಹಾಡುಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಚರ್ಚುಗಳು ಹಳ್ಳಿಯ ವಾದ್ಯಮೇಳಗಳನ್ನೂ ಅಬ್ಬರದ ಹಾಡುಗಳನ್ನೂ ಹೊರಗಿಟ್ಟಾಗ ಅವು ಪಬ್ಬಿನಲ್ಲಿ ಆಶ್ರಯ ಪಡೆದವು ಎನ್ನುತ್ತಾರೆ. ಕುರಿಗಾಹಿಗಳ ಕುರಿತ ಒಂದೇ ಸಾಹಿತ್ಯವನ್ನು ಹಲವು ಧಾಟಿಗಳಲ್ಲಿ ಒಂದರ ಹಿಂದೊಂದು ಹಾಡುತ್ತಾರೆ. ಒಂದೇ ದಾಸರ ಪದವನ್ನು ಒಂದೊಂದು ಮನೆಯಲ್ಲಿ ಒಂದೊಂದು ರಾಗದಲ್ಲಿ ಕೇಳಿ ಬೆಳೆದ ನನಗೆ, ಮೊದಲ ಸಲ ಅಲ್ಲಿ ಗೋಡೆಗೊರಗಿ ನಿಂತಾಗ ಕಣ್ಣು ತುಂಬಿ ಬಂತು. ವೇದಿಕೆಯಿಲ್ಲ, ಗಾಯಕರೆಂದು ಬೇರೆ ಯಾರೂ ಇಲ್ಲ. ಕೈಯಲ್ಲಿ ಲೋಟ ಹಿಡಿದು ನಿಂತವರೇ ನಾಲ್ಕು ಶ್ರುತಿಗಳಲ್ಲಿ ಹಾಡುತ್ತಾರೆ. ಸಾಹಿತ್ಯ ಅಚ್ಚಾದ ಪುಸ್ತಿಕೆ ಸಿಕ್ಕರೆ ಕೊಂಡುಕೊಳ್ಳಿ, ಸಿಗದಿದ್ದರೆ ಪಕ್ಕದವರು ತಮ್ಮದನ್ನು ನಿಮ್ಮ ಕಡೆಗೆ ವಾಲಿಸುತ್ತಾರೆ. ಭಾನುವಾರ ಮಧ್ಯಾಹ್ನದ ಹಾಡಿಗೆ ಒಂದು ಗಂಟೆ ಮೊದಲೇ ಪಬ್ ತುಂಬಿರುತ್ತದೆ, ಬೆಟ್ಟದ ಹಳ್ಳಿಗಳಿಗೆ ಭಾನುವಾರ ಬಸ್ಸು ಕಡಿಮೆ. ಬೆಳಿಗ್ಗೆಯೇ ವೇಳಾಪಟ್ಟಿ ನೋಡಿ ಹೊರಡಿ, ದಪ್ಪ ಕೋಟು ತೊಡಿ, ಏಕೆಂದರೆ ಒಳಗೆ ಜಾಗ ಸಾಲದೆ ಬಾಗಿಲ ಹೊರಗೆ ನಿಂತು ಹಾಡುವವರೂ ಇರುತ್ತಾರೆ.